ಮೊದಲ ಕಾರು ಮತ್ತು ಅದರ ವಿಮೆ: ಮಾದಾಪುರದ ಏರಿನಲ್ಲಿ ಹಳೆಯ ಟಿಯಾಗೊ

ಮೂವತ್ತೆಂಟನೆಯ ವಯಸ್ಸಿನಲ್ಲಿ ಚಾಲನಾ ಪರವಾನಗಿ ಪಡೆದವಳು ನಾನು. ಕೊಡಗಿನ ಮಾದಾಪುರದ ಸಮೀಪದ ಮನೆಯಿಂದ ಮಡಿಕೇರಿಯ ಕಚೇರಿಗೆ ಹದಿನಾಲ್ಕು ವರ್ಷ ಬಸ್ಸಿನಲ್ಲಿ ಓಡಾಡಿ, ಮಳೆಗಾಲದಲ್ಲಿ ಬಸ್ಸು ತಪ್ಪಿದ ದಿನಗಳಲ್ಲಿ ಜೀಪಿನವರಿಗಾಗಿ ಕಾದು ಕಾದು ಸಾಕಾಗಿ, ಕೊನೆಗೆ 2025ರ ಫೆಬ್ರುವರಿಯಲ್ಲಿ ಕುಶಾಲನಗರದವರೊಬ್ಬರಿಂದ 2020ರ ಡಿಸೆಂಬರಿನಲ್ಲಿ ನೋಂದಣಿಯಾಗಿದ್ದ ಟಾಟಾ ಟಿಯಾಗೊ ಪೆಟ್ರೋಲ್ ಕಾರನ್ನು 3,90,000 ರೂಪಾಯಿಗೆ ಕೊಂಡೆ. ಅದರೊಂದಿಗೆ ಒಂದು ಮಳೆಗಾಲ, ಒಂದು ಕ್ಲೇಮು ಮತ್ತು ಒಂದು ಪಾಲಿಸಿ ನವೀಕರಣ ಮುಗಿದಿವೆ. ಕಾರಿನ ಬಗ್ಗೆ ಬರೆಯುವವರು ಬಹಳ ಮಂದಿ. ಅದರ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಮಡಿಸಿಟ್ಟ ಪಾಲಿಸಿಯನ್ನು ಬಿಡಿಸಿ ಓದುವವರು ಕಡಿಮೆ. ನನ್ನ ಮಟ್ಟಿಗೆ ಇವೆರಡೂ ಸೇರಿಯೇ ಒಂದು ಖರೀದಿ, ಆದ್ದರಿಂದ ಎರಡನ್ನೂ ಒಟ್ಟಿಗೆ ಇಲ್ಲಿ ವಿಮರ್ಶಿಸಿದ್ದೇನೆ.

ದಾರಿಯ ವಿಷಯವನ್ನು ಮೊದಲು ಹೇಳಬೇಕು, ಏಕೆಂದರೆ ನನ್ನ ಅರ್ಧ ಆಯ್ಕೆಯನ್ನು ಆ ದಾರಿಯೇ ಮಾಡಿತು. ಮಾದಾಪುರದಿಂದ ಹಟ್ಟಿಹೊಳೆ, ಮಕ್ಕಂದೂರು ದಾಟಿ ಮಡಿಕೇರಿಗೆ ಏರುವ ಈ ರಸ್ತೆ 2018ರ ಆಗಸ್ಟಿನ ಭೂಕುಸಿತದಲ್ಲಿ ಅಲ್ಲಲ್ಲಿ ಕೊಚ್ಚಿಹೋಗಿ ಆನಂತರ ದುರಸ್ತಿಯಾದದ್ದು. ಒಂದು ಕಡೆ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆ, ಇನ್ನೊಂದು ಕಡೆ ಪ್ರಪಾತವಿರುವ ತಿರುವುಗಳಲ್ಲಿ ಎದುರಿನಿಂದ ಬಸ್ಸು ಬಂದರೆ ಎಡಗಡೆಯ ಚಕ್ರಗಳನ್ನು ಮಣ್ಣಿಗೆ ಇಳಿಸಲೇಬೇಕಾಗುತ್ತದೆ. ಏರು ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ಕಾನೂನು. ಅದನ್ನು ಎಲ್ಎಲ್ಆರ್ (ಕಲಿಕಾ ಪರವಾನಗಿ) ಪರೀಕ್ಷೆಗೆ ಓದಿದವರೆಲ್ಲ ರಸ್ತೆಯಲ್ಲಿ ನೆನಪಿಟ್ಟುಕೊಂಡಿರುತ್ತಾರೆ ಎಂದು ನಂಬುವ ಹಾಗಿಲ್ಲ. ಹೊಸಬರಿಗೆ ಇಲ್ಲಿ ಭಯವಿರುವುದು ವೇಗದ ಬಗ್ಗೆ ಅಲ್ಲವೇ ಅಲ್ಲ. ಏರಿನ ನಡುವೆ ನಿಂತ ಕಾರನ್ನು, ಹಿಂದೆ ಪಿಕಪ್ ಒಂದು ಮೂಗು ತಾಗಿಸಿ ನಿಂತಿರುವಾಗ, ಹಿಂದಕ್ಕೆ ಜಾರದಂತೆ ಮತ್ತೆ ಎತ್ತಬೇಕು, ಭಯವೆಲ್ಲ ಅಲ್ಲಿ.

ಕಚೇರಿಯಲ್ಲಿ ಸಿಕ್ಕ ಸಲಹೆ ಒಂದೇ: ಕಲಿಯುವವರಿಗೆ ಹಳೆಯ ಮಾರುತಿ 800 ಸಾಕು, ಗೀರಿದರೂ ಹೊಟ್ಟೆ ಉರಿಯುವುದಿಲ್ಲ. ಹೊಟ್ಟೆ ಉರಿಯುವುದಿಲ್ಲ ಎಂಬುದೇನೋ ನಿಜ. ಆದರೆ 800ರ ತಯಾರಿಕೆ 2014ರಲ್ಲಿಯೇ ನಿಂತಿದೆ, ಆ ಕಾಲದ ಅಗ್ಗದ ಕಾರುಗಳಲ್ಲಿ ಏರ್‌ಬ್ಯಾಗ್ ಆಗಲಿ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಆಗಲಿ ಇರಲಿಲ್ಲ, ಮತ್ತು ಒದ್ದೆ ತಿರುವಿನಲ್ಲಿ ಗಾಬರಿಯಿಂದ ಬ್ರೇಕನ್ನು ಪೂರ್ತಿ ಒತ್ತಿಬಿಡುವವರು ಹೊಸಬರೇ ಆದ್ದರಿಂದ ಎಬಿಎಸ್ ಹೆಚ್ಚು ಬೇಕಾಗಿರುವುದೂ ಅವರಿಗೇ. ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲಿನಿಂದ, ಚಾಲಕರ ಏರ್‌ಬ್ಯಾಗ್ ಕಡ್ಡಾಯವಾದದ್ದು ಅದೇ ವರ್ಷದ ಜುಲೈಯಿಂದ. ಹಾಗಾಗಿ 2019ರ ಜುಲೈಗಿಂತ ಹಿಂದಿನದು ಯಾವುದೂ ಬೇಡವೆಂದು ಒಂದು ಗೆರೆ ಎಳೆದುಕೊಂಡೆ. ಹುಡುಕಾಟದ ಅರ್ಧ ಗೊಂದಲ ಅಲ್ಲಿಗೇ ಮುಗಿಯಿತು.

ಉಳಿದದ್ದು ಹೊಸ ಆಲ್ಟೊ ಕೆ10, ಅಥವಾ ನಾಲ್ಕೈದು ವರ್ಷ ಹಳೆಯ ಕ್ವಿಡ್, ವ್ಯಾಗನ್‌ಆರ್ ಇಲ್ಲವೇ ಟಿಯಾಗೊ. ಹೊಸ ಕಾರಿಗೆ ಷೋರೂಮಿನ ಬೆಲೆಯ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ ಬೀಳುತ್ತದೆ. ಐದು ಲಕ್ಷದವರೆಗಿನ ಕಾರಿಗೆ ಶೇ. 13, ಐದರಿಂದ ಹತ್ತು ಲಕ್ಷದವರೆಗೆ ಶೇ. 14, ಅದರ ಮೇಲೆ ಸೆಸ್ ಬೇರೆ. ರಾಜ್ಯದೊಳಗೇ ನೋಂದಣಿಯಾದ ಹಳೆಯ ಕಾರಿಗೆ ಮೊದಲ ಮಾಲೀಕರು ಅದನ್ನು ಕಟ್ಟಿಯಾಗಿರುತ್ತದೆ. ಇದೇ ಕಾರಣಕ್ಕೆ, ಮಾಕುಟ್ಟದ ಆಚೆ ಇರಿಟ್ಟಿಯಲ್ಲಿ ಇಷ್ಟು ಕಡಿಮೆಗೆ ಸಿಗುತ್ತದೆ ಎಂದು ತೋರಿಸುವ ಕೇರಳ ನೋಂದಣಿಯ ಕಾರುಗಳ ವಿಷಯದಲ್ಲಿ ಕೊಡಗಿನವರು ಎಚ್ಚರವಾಗಿರಬೇಕು: ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ಕಾರಿನ ವಯಸ್ಸಿಗೆ ತಕ್ಕ ತೆರಿಗೆಯನ್ನು ಮತ್ತೆ ಕಟ್ಟಿ, ಮರುನೋಂದಣಿ ಮಾಡಿಸುವಷ್ಟರಲ್ಲಿ ಉಳಿತಾಯವೆಲ್ಲ ಖರ್ಚಾಗಿರುತ್ತದೆ.

ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಕಾರಿನ ತಳಕ್ಕೂ ನೆಲಕ್ಕೂ ನಡುವಿನ ಅಂತರ, ಕಂಪನಿಗಳೇ ಹೇಳುವಂತೆ ಕ್ವಿಡ್‌ಗೆ 184 ಮಿ.ಮೀ., ಟಿಯಾಗೊಗೆ 170, ವ್ಯಾಗನ್‌ಆರ್‌ಗೆ 165. ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಸೇರುವ ತೋಟದ ದಾರಿಯಲ್ಲಿ ಮಳೆನೀರು ನಡುವೆ ದಿಣ್ಣೆ ಬಿಟ್ಟು ಎರಡೂ ಕಡೆ ಕೊರೆದಿರುವುದರಿಂದ ಈ ಅಂಕಿಯಲ್ಲಿ ಕ್ವಿಡ್ಡೇ ಗೆದ್ದಿತ್ತು. ನನ್ನ ಮನಸ್ಸು ತಿರುಗಿದ್ದು ಅಪಘಾತ ಪರೀಕ್ಷೆಯ ಫಲಿತಾಂಶ ನೋಡಿದ ಮೇಲೆ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2020ರಲ್ಲಿ ಟಿಯಾಗೊಗೆ ವಯಸ್ಕರ ರಕ್ಷಣೆಯಲ್ಲಿ ಐದಕ್ಕೆ 4 ನಕ್ಷತ್ರ ಕೊಟ್ಟಿತು. 2023ರಲ್ಲಿ ಆಲ್ಟೊ ಕೆ10ಗೆ 2, ವ್ಯಾಗನ್‌ಆರ್‌ಗೆ 1 ಕೊಟ್ಟಿತು. ನ್ಯಾಯವಾಗಿ ಹೇಳಬೇಕೆಂದರೆ ಆಲ್ಟೊದಲ್ಲಿ ಆಗ ಇದ್ದದ್ದು ಎರಡು ಏರ್‌ಬ್ಯಾಗ್, 2025ರಿಂದ ಆರು ಬರುತ್ತಿವೆ. ಮಾರುತಿಯ ಗಾಡಿ ಕೊಂಡರೆ ಬಿಡಿಭಾಗ ಎಲ್ಲೂ ಸಿಗುತ್ತದೆ ಎಂಬ ವಾದಕ್ಕೂ ನಾನು ತಲೆಬಾಗುತ್ತೇನೆ. ಆದರೂ ಎಡಕ್ಕೆ ಪ್ರಪಾತವಿರುವ ರಸ್ತೆಯಲ್ಲಿ ಕಲಿಯುವವಳಿಗೆ ಆ ನಕ್ಷತ್ರಗಳು ಕ್ವಿಡ್ಡಿನ ಹದಿನಾಲ್ಕು ಮಿ.ಮೀ. ಹೆಚ್ಚಿನ ಎತ್ತರಕ್ಕಿಂತ ದೊಡ್ಡದಾಗಿ ಕಂಡವು.

ಕಾರು ನೋಡಲು ಹೋದಾಗ ಜೊತೆಗೆ ಚಿಕ್ಕಪ್ಪ ಬಂದಿದ್ದರು. ಮೂವತ್ತು ವರ್ಷ ಜೀಪು ಓಡಿಸಿದವರು. ಮಾರುವವರು ಕುಶಾಲನಗರದ ಒಳಗೆ ಎರಡು ಸುತ್ತು ಹಾಕಿಸಿ, "ಹೇಗಿದೆ ನೋಡಿ ಮೇಡಂ, ಬೆಣ್ಣೆ" ಎಂದರು. ಚಿಕ್ಕಪ್ಪ, "ಇದು ಸಪಾಟು ಊರು ಮಾರಾಯ್ರೆ, ಇಲ್ಲಿ ಎತ್ತಿನಗಾಡಿಯೂ ಬೆಣ್ಣೆಯೇ" ಎಂದು ಹೇಳಿ ಕಾರನ್ನು ಆನೆಕಾಡಿನ ಮೂಲಕ ಸುಂಟಿಕೊಪ್ಪದ ಏರಿಗೆ ಹೊಡೆಸಿದರು. ಅಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಾಫ್ ಕ್ಲಚ್ಚಿನಲ್ಲಿ ಎತ್ತಲು ಹೇಳಿದರು. ಕ್ಲಚ್ಚು ಸವೆದಿದ್ದರೆ ಎಂಜಿನ್ನು ಕೂಗುತ್ತದೆಯೇ ಹೊರತು ಗಾಡಿ ಅಷ್ಟಾಗಿ ಏರುವುದಿಲ್ಲ, ಸುಟ್ಟ ವಾಸನೆಯೂ ಬರುತ್ತದೆ. ಇದರಲ್ಲಿ ಹಾಗಾಗಲಿಲ್ಲ. ಟೈರಿನ ಬದಿಯಲ್ಲಿ ಒತ್ತಿದ್ದ ನಾಲ್ಕಂಕಿಯನ್ನು ಅವರು ಬೆರಳಿನಿಂದ ಮಣ್ಣು ಒರೆಸಿ ತೋರಿಸಿದರು: 3520, ಅಂದರೆ 2020ರ ಮೂವತ್ತೈದನೆಯ ವಾರದಲ್ಲಿ ತಯಾರಾದದ್ದು. ಕಾರಿನೊಂದಿಗೇ ಬಂದ ಟೈರುಗಳು, ರಬ್ಬರು ಗಟ್ಟಿಯಾಗಿತ್ತು. ಆ ನಾಲ್ಕು ಅಂಕಿಗಳ ಬಲದಿಂದ ಬೆಲೆಯಲ್ಲಿ ಹದಿನೈದು ಸಾವಿರ ಇಳಿಯಿತು, ಆ ಹಣಕ್ಕೆ ಮೂರು ಸಾವಿರ ಸೇರಿಸಿ ಮೇ ತಿಂಗಳಲ್ಲಿಯೇ ನಾಲ್ಕೂ ಟೈರು ಬದಲಿಸಿದೆ.

ಕಾರಿನ ಗುಣ ಹೇಳುವುದಾದರೆ, 1199 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನು 86 ಪಿಎಸ್ ಶಕ್ತಿಯನ್ನು, 113 ಎನ್‌ಎಂ ಟಾರ್ಕನ್ನು ಕೊಡುತ್ತದೆ; ನಾಲ್ಕು ಜನ ಕುಳಿತು, ಹಿಂದೆ ಅಕ್ಕಿಮೂಟೆ ಹಾಕಿಕೊಂಡು ಮಕ್ಕಂದೂರಿನ ಏರು ಹತ್ತುವಾಗ ಎರಡನೆಯ ಗೇರಿನಲ್ಲಿ ಉಸಿರು ಕಟ್ಟುವುದಿಲ್ಲ. ಮೂರು ಸಿಲಿಂಡರಿನ ಯಾವುದೇ ಎಂಜಿನ್ನಿನಂತೆ ನಿಂತಾಗ ಸ್ವಲ್ಪ ನಡುಕವಿದೆ, ವಾರ ಕಳೆದರೆ ಅದು ಗಮನಕ್ಕೇ ಬರುವುದಿಲ್ಲ. ಸ್ಟಿಯರಿಂಗ್ ಹಗುರ, ಬಾಗಿಲು ಭಾರ, ಸೀಟನ್ನು ಎತ್ತರಿಸಿಕೊಳ್ಳುವ ಸೌಲಭ್ಯದಿಂದ ಬಾನೆಟ್ಟಿನ ತುದಿ ಎಲ್ಲಿದೆಯೆಂದು ನನ್ನಂಥ ಕುಳ್ಳಿಗೂ ಅಂದಾಜು ಸಿಗುತ್ತದೆ. ಘಟ್ಟದ ಓಡಾಟದಲ್ಲಿ ಲೀಟರಿಗೆ ಹದಿನಾಲ್ಕರಿಂದ ಹದಿನೈದು ಕಿ.ಮೀ. ಕೊಡುತ್ತಿದೆ. ಒಂದು ವಿಷಯದಲ್ಲಿ ಮಾತ್ರ ಕೊರಗಿದೆ: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದು ಹೊಸ ಕಾರುಗಳ ಬೆಲೆ ಕುಸಿಯಿತು, ಅದರ ಹಿಂದೆಯೇ ಹಳೆಯವುಗಳ ಬೆಲೆಯೂ. ಏಳು ತಿಂಗಳು ಕಾದಿದ್ದರೆ ಎಂದು ನನ್ನ ಗಂಡ ಈಗಲೂ ಆಗಾಗ ಲೆಕ್ಕ ಹಾಕುತ್ತಾರೆ. ಆ ಏಳು ತಿಂಗಳಲ್ಲಿ ಒಂದು ಮಳೆಗಾಲವಿತ್ತೆಂಬುದನ್ನು ನಾನು ನೆನಪಿಸುತ್ತೇನೆ.

ಇನ್ನು ವಿಮೆ. ಹೊಸ ಚಾಲಕಿಯಾದ್ದರಿಂದ ನನ್ನ ಪ್ರೀಮಿಯಂ ಹೆಚ್ಚಿರುತ್ತದೆ ಎಂದೇ ಭಾವಿಸಿದ್ದೆ. ವಿದೇಶದಲ್ಲಿರುವ ಸಂಬಂಧಿಕರು ಹಾಗೆ ಹೆದರಿಸಿದ್ದರು. ನಮ್ಮ ದೇಶದ ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಕಾರಿನ ಬೆಲೆ, ವಯಸ್ಸು, ಎಂಜಿನ್ನಿನ ಸಿಸಿ ಮತ್ತು ನೋಂದಣಿಯಾದ ವಲಯ. ಬೆಂಗಳೂರು, ಚೆನ್ನೈಯಂಥ ಎಂಟು ಮಹಾನಗರಗಳು ಎ ವಲಯ, ಕೆಎ-12ರ ನಮ್ಮ ಕೊಡಗು ಉಳಿದ ದೇಶದೊಡನೆ ಬಿ ವಲಯ, ದರ ತುಸು ಕಡಿಮೆ. ಸ್ಟಿಯರಿಂಗ್ ಹಿಡಿದವರು ನಿನ್ನೆ ಕಲಿತವರೋ ಮೂವತ್ತು ವರ್ಷದವರೋ ಎಂದು ಯಾರೂ ಕೇಳುವುದಿಲ್ಲ. ಎಲ್ಎಲ್ಆರ್ ಇದ್ದವರು ಓಡಿಸಿದರೂ ಪಾಲಿಸಿ ನಡೆಯುತ್ತದೆ, ಆದರೆ ಪಕ್ಕದಲ್ಲಿ ಪರವಾನಗಿಯುಳ್ಳವರು ಕುಳಿತಿರಬೇಕು, ಕಾರಿನ ಹಿಂದೆ ಮುಂದೆ ಕೆಂಪು ಎಲ್ ಫಲಕವಿರಬೇಕು. ಭಾನುವಾರ ಅಂಗಡಿಗೆ ತಾನೇ ಎಂದು ಒಬ್ಬರೇ ಹೊರಟರೆ ಆ ರಕ್ಷಣೆ ಕೈತಪ್ಪುತ್ತದೆ.

ಕಾನೂನು ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ಭಾಗವನ್ನು, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಯ ವಿಮೆಯನ್ನು ಮಾತ್ರ. ಅದಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಇದರ ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ: 2022ರ ಜೂನಿನ ದರಪಟ್ಟಿಯಂತೆ 1000 ಸಿಸಿಯವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿಯವರೆಗೆ 3,416, ಮೇಲೆ ಶೇ. 18 ಜಿಎಸ್‌ಟಿ. 998 ಸಿಸಿಯ ಆಲ್ಟೊ ಮೊದಲ ಸಾಲಿಗೆ, 1199 ಸಿಸಿಯ ಟಿಯಾಗೊ ಎರಡನೆಯ ಸಾಲಿಗೆ ಸೇರುವುದರಿಂದ ತೆರಿಗೆ ಸೇರಿ ವರ್ಷಕ್ಕೆ ಸುಮಾರು 1,560 ರೂಪಾಯಿಯ ವ್ಯತ್ಯಾಸ. ಎಲ್ಲ ಕಂಪನಿಗಳಲ್ಲೂ ಒಂದೇ ದರವಾದ್ದರಿಂದ "ನಮ್ಮಲ್ಲಿ ಥರ್ಡ್ ಪಾರ್ಟಿ ಅಗ್ಗ" ಎನ್ನುವವರ ಮಾತನ್ನು ನಂಬಬೇಕಾಗಿಲ್ಲ. ಹೊಸ ಕಾರಾದರೆ 2018ರ ಸೆಪ್ಟೆಂಬರಿನಿಂದ ಈ ಭಾಗವನ್ನು ಮೂರು ವರ್ಷಕ್ಕೆ ಒಟ್ಟಿಗೇ ಕಟ್ಟಬೇಕು. ಅದನ್ನು ನೋಡಿ ತಮ್ಮ ಕಾರಿನ ಹಾನಿಗೂ ಮೂರು ವರ್ಷದ ವಿಮೆಯಿದೆ ಎಂದು ತಿಳಿದು ಎರಡನೆಯ ವರ್ಷ ನವೀಕರಿಸದೆ ಕೂತವರನ್ನು ನಮ್ಮ ಕಚೇರಿಯಲ್ಲಿಯೇ ಕಂಡಿದ್ದೇನೆ.

ಹಳೆಯ ಕಾರು ಕೊಳ್ಳುವವರು ಎಡವುವ ಜಾಗ ಬೇರೆ. ನನಗೆ ಕಾರು ಕೊಟ್ಟವರು, "ಡಿಸೆಂಬರಿನವರೆಗೆ ಫುಲ್ ಇನ್ಶೂರೆನ್ಸ್ ಇದೆ ಮೇಡಂ, ನೀವು ಏನೂ ಮಾಡಬೇಕಾಗಿಲ್ಲ" ಎಂದಿದ್ದರು. ಮಾಲೀಕತ್ವ ವರ್ಗಾವಣೆಯ ಫಾರಂ 29, 30 ಸಲ್ಲಿಸಿ ಆರ್‌ಸಿ ನನ್ನ ಹೆಸರಿಗಾದರೆ ಮುಗಿಯಿತೆಂದು ನಾನೂ ಅಂದುಕೊಂಡಿದ್ದೆ. ಮುಗಿಯುವುದಿಲ್ಲ. ಥರ್ಡ್ ಪಾರ್ಟಿ ಭಾಗವು ಕಾರಿನೊಂದಿಗೇ ವರ್ಗವಾಯಿತೆಂದು ಕಾನೂನು ಪರಿಗಣಿಸುತ್ತದೆ, ಆದರೆ ಸ್ವಂತ ಕಾರಿನ ಹಾನಿಯ ಭಾಗ, ಏಜೆಂಟರ ಬಾಯಲ್ಲಿ "ಓಡಿ" (ಓನ್ ಡ್ಯಾಮೇಜ್), ಹೊಸ ಮಾಲೀಕರ ಹೆಸರಿಗೆ ಬದಲಾಗದಿದ್ದರೆ ಕ್ಲೇಮು ತಿರಸ್ಕೃತವಾಗುತ್ತದೆ. ಬದಲಾವಣೆಗೆ ಹದಿನಾಲ್ಕು ದಿನಗಳೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಹನ್ನೊಂದನೆಯ ದಿನ ಪರಿಚಯದ ಏಜೆಂಟರೊಬ್ಬರು ಬೇರೆ ಯಾವುದೋ ಮಾತಿನ ನಡುವೆ ಇದನ್ನು ಹೇಳಿದ್ದರಿಂದ ನಾನು ಉಳಿದುಕೊಂಡೆ.

ಅಲ್ಲಿ ಇನ್ನೊಂದು ಲೆಕ್ಕ ಎದುರಾಯಿತು. ಹಿಂದಿನ ಮಾಲೀಕರು ನಾಲ್ಕು ವರ್ಷ ಕ್ಲೇಮು ಮಾಡದೆ ಶೇ. 45 ನೋ ಕ್ಲೇಮ್ ಬೋನಸ್ ಗಳಿಸಿದ್ದರು. ಆ ಬೋನಸ್ಸು ಮನುಷ್ಯನಿಗೆ ಸೇರಿದ್ದೇ ಹೊರತು ಕಾರಿಗೆ ಸೇರಿದ್ದಲ್ಲ. ಅವರು ಅದನ್ನು ತಮ್ಮ ಮುಂದಿನ ಕಾರಿಗೆ ಒಯ್ಯುತ್ತಾರೆ, ಕೊಂಡವರು ಉಳಿದ ತಿಂಗಳುಗಳ ಮಟ್ಟಿಗಿನ ರಿಯಾಯಿತಿಯನ್ನು ಕಂಪನಿಗೆ ತುಂಬಿಕೊಡಬೇಕು. ಮೂಲ ಓಡಿ ಪ್ರೀಮಿಯಂ 6,000 ರೂಪಾಯಿಗೆ ರಿಯಾಯಿತಿ 2,700, ಉಳಿದ ಹತ್ತು ತಿಂಗಳಿಗೆ 2,250, ಜಿಎಸ್‌ಟಿ ಸೇರಿ 2,655. ಬೆಲೆ ಮಾತಾಡುವಾಗ ಇದು ಗೊತ್ತಿದ್ದರೆ ಚಿಕ್ಕಪ್ಪ ಇದನ್ನೂ ಇಳಿಸುತ್ತಿದ್ದರು.

ಜುಲೈ ಮೂರನೆಯ ವಾರ, ಮೂರು ದಿನ ಬಿಡದೆ ಬೀಸಿದ ಗಾಳಿಮಳೆಯಲ್ಲಿ, ಕಣದ ಅಂಚಿನಲ್ಲಿ ನಿಲ್ಲಿಸಿದ್ದ ಕಾರಿನ ಮೇಲೆ ಸಿಲ್ವರ್ ಮರದ ಕೊಂಬೆಯೊಂದು ಮೆಣಸಿನ ಬಳ್ಳಿಯ ಸಮೇತ ಮುರಿದು ಬಿತ್ತು. ಬೆಳಿಗ್ಗೆ ನೋಡಿದರೆ ಬಾನೆಟ್ಟು ನಡುವೆ ಕುಳಿಬಿದ್ದಿತ್ತು, ಮುಂದಿನ ಗಾಜು ಒಡೆದು ಉದುರದೆ ಒಳಕ್ಕೆ ತಗ್ಗಿತ್ತು, ವೈಪರಿನ ಸಂದಿನಲ್ಲಿ ಎಳೆಯ ಮೆಣಸಿನ ಗೊಂಚಲುಗಳಿದ್ದ ಬಳ್ಳಿ ಸಿಕ್ಕಿಕೊಂಡಿತ್ತು. ನನ್ನ ಗಂಡ ಕೊಂಬೆ ಕಡಿಯಲು ಕತ್ತಿ ತಂದರು. "ಕತ್ತಿ ಅಲ್ಲಿಡು, ಮೊದಲು ಫೋಟೊ ತೆಗಿ" ಎಂದರು ಚಿಕ್ಕಪ್ಪ. ನಂಬರ್ ಪ್ಲೇಟು, ಮರದ ಮುರಿದ ಜಾಗ, ಕೊಂಬೆ ಬಿದ್ದ ಹಾಗೆಯೇ ಇರುವ ಚಿತ್ರ, ಎಲ್ಲವನ್ನೂ ತೆಗೆದ ಮೇಲೆಯೇ ಕೊಂಬೆಗೆ ಕೈಹಾಕಿದ್ದು. ಎರಡು ದಿನ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ಕಂಪನಿಗೆ ತಿಳಿಸಿದ್ದು ಮೂರನೆಯ ದಿನ. ತಡವೇಕೆ ಎಂದು ಹಾನಿಯ ಅಂದಾಜು ಮಾಡುವ ಸರ್ವೇಯರ್ ಕೇಳಿದಾಗ ಆ ಚಿತ್ರಗಳಲ್ಲಿದ್ದ ದಿನಾಂಕ ನೆರವಿಗೆ ಬಂತು. ಎಳೆದೊಯ್ಯುವ ಗಾಡಿ ಮಾತ್ರ ಸಹಾಯವಾಣಿಯವರು ಹೇಳಿದ್ದಕ್ಕಿಂತ ಐದು ಗಂಟೆ ತಡವಾಗಿ, ಕತ್ತಲಾದ ಮೇಲೆ ಬಂದಿತು.

ಬಿಲ್ಲನ್ನು ಇಲ್ಲಿ ಬಿಡಿಸಿಡುವುದು ಸರಿಯೆನಿಸುತ್ತದೆ, ಏಕೆಂದರೆ ಪಾಲಿಸಿಯ ಭಾಷೆ ನನಗೆ ಅರ್ಥವಾದದ್ದು ಆ ಬಿಲ್ಲಿನಿಂದ. ಗಾಜಿಗೆ 6,400 ರೂಪಾಯಿ. ಗಾಜಿಗೆ ಸವಕಳಿ, ಅಂದರೆ ಭಾಗ ಹಳೆಯದೆಂದು ಕಂಪನಿ ಮಾಡುವ ಕಡಿತ, ಇಲ್ಲವಾದ್ದರಿಂದ ಪೂರ್ತಿ ಸಿಕ್ಕಿತು. ಬಾನೆಟ್ಟಿಗೆ 7,200, ಲೋಹದ ಭಾಗಕ್ಕೆ ನಾಲ್ಕರಿಂದ ಐದು ವರ್ಷದ ಕಾರಿನಲ್ಲಿ ಶೇ. 35 ಕಡಿತ, ಅಂದರೆ 2,520 ನನ್ನ ಪಾಲು. ಬಂಪರ್ 3,000, ಹೆಡ್‌ಲೈಟು 3,600. ಪ್ಲಾಸ್ಟಿಕ್ಕಿಗೆ ಕಾರಿನ ವಯಸ್ಸು ಎಷ್ಟೇ ಇರಲಿ ಶೇ. 50 ಕಡಿತ, 3,300 ಹೋಯಿತು. ಕೂಲಿ 2,800 ಪೂರ್ತಿ ಸಿಕ್ಕಿತು. ಬಣ್ಣಕ್ಕೆ 4,800, ಅದರ ಕಾಲುಭಾಗವನ್ನು ಸಾಮಗ್ರಿಯ ವೆಚ್ಚವೆಂದು ಹಿಡಿದು ಅದರಲ್ಲಿ ಅರ್ಧ, 600 ಕಡಿತ. 1500 ಸಿಸಿಯವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಕಡ್ಡಾಯವಾಗಿ ನಾವು ಹೊರಬೇಕಾದ 1,000. ಕ್ಲಿಪ್ಪು, ಸೀಲೆಂಟು ಮುಂತಾದ ಸಣ್ಣಪುಟ್ಟದ್ದು 640, ಅದಕ್ಕೆ ವಿಮೆಯಿಲ್ಲ. 28,440ರ ಬಿಲ್ಲಿನಲ್ಲಿ ಕಂಪನಿ ಕೊಟ್ಟದ್ದು 20,380, ನಾನು ಕೊಟ್ಟದ್ದು 8,060. ಫುಲ್ ಇನ್ಶೂರೆನ್ಸ್ ಎಂಬ ಮಾತಿನಲ್ಲಿರುವ ಫುಲ್ ಇಷ್ಟು.

ಸವಕಳಿಯನ್ನು ಕಡಿಯದೆ ಕೊಡುವ ಜೀರೋ ಡೆಪ್ ಸೌಲಭ್ಯವಿದ್ದಿದ್ದರೆ ಈ ಸವಕಳಿಯ 6,420 ರೂಪಾಯಿ ಉಳಿಯುತ್ತಿತ್ತು. ಹಿಂದಿನ ಮಾಲೀಕರು ಅದನ್ನು ಕೈಬಿಟ್ಟಿದ್ದರು. ಕ್ಲೇಮು ಮಾಡಿದ್ದರಿಂದ ನನಗೆ ನಷ್ಟವಾದದ್ದು ಮುಂದಿನ ವರ್ಷ ಸಿಗಬಹುದಾಗಿದ್ದ ಶೇ. 20 ಬೋನಸ್, ಸುಮಾರು 1,200 ರೂಪಾಯಿ. ಹಾಗಾಗಿ 20,380ಕ್ಕೆ ಕ್ಲೇಮು ಮಾಡಿದ್ದು ಸರಿ. ಅದಕ್ಕೂ ಮೊದಲು, ಏಪ್ರಿಲಿನಲ್ಲಿ, ಗೇಟಿನ ಕಂಬಕ್ಕೆ ನಾನೇ ಒರೆಸಿ ಮಾಡಿಕೊಂಡ ಎಡಬಾಗಿಲಿನ ಗೀರಿಗೆ ಕ್ಲೇಮು ಮಾಡದೆ ಬಿಟ್ಟದ್ದೂ ಸರಿ.

ಕೊಡಗಿನವರು ಪಾಲಿಸಿಯಲ್ಲಿ ಹುಡುಕಬೇಕಾದ ಎರಡು ಸಾಲುಗಳಿವೆ. ಓಡಿ ಭಾಗದ ಅಪಾಯಗಳ ಪಟ್ಟಿಯಲ್ಲಿ ಬೆಂಕಿ, ಕಳವು, ಪ್ರವಾಹ, ಬಿರುಗಾಳಿಗಳೊಡನೆ ಭೂಕುಸಿತ ಮತ್ತು ಬಂಡೆ ಉರುಳುವಿಕೆಯೂ ಹೆಸರಿಟ್ಟು ಸೇರಿವೆ. ಬರೆಯಡಿ ಮನೆಯಿರುವವರು ಬರೀ ಥರ್ಡ್ ಪಾರ್ಟಿ ಕಟ್ಟಿ ಕಾರು ನಿಲ್ಲಿಸುವುದು ನನಗೆ ಸರಿಕಾಣುವುದಿಲ್ಲ. ಇನ್ನೊಂದು, ನೀರು. ಭಾಗಮಂಡಲದಲ್ಲಿ ಸಂಗಮ ಉಕ್ಕಿದಾಗ, ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದಾಗ ನಿಂತ ಕಾರಿಗೆ ನೀರು ಹೊಕ್ಕರೆ ಅದು ಪ್ರವಾಹದ ಹಾನಿ. ನೀರು ಹೊಕ್ಕ ಮೇಲೆ ಕೀಲಿ ತಿರುಗಿಸಿ ಎಂಜಿನ್ನು ಕೆಟ್ಟರೆ ಅದನ್ನು ನಂತರದ ಹಾನಿಯೆಂದು ಕಂಪನಿಗಳು ನಿರಾಕರಿಸುತ್ತವೆ. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಎಂಬ ಪ್ರತ್ಯೇಕ ಸೇರ್ಪಡೆ ಬೇಕು. ಹೊಳೆದಂಡೆಯವರಿಗೆ ಅದು ಅಗತ್ಯ, ಗುಡ್ಡದ ಮೇಲಿನ ನಮಗೆ ಅಷ್ಟಾಗಿ ಬೇಡ.

ಡಿಸೆಂಬರಿನಲ್ಲಿ ನವೀಕರಣ ಬಂದಾಗ ಕಾರಿಗೆ ಐದು ವರ್ಷ ತುಂಬಿತ್ತು. ಐದು ವರ್ಷದವರೆಗೆ ಐಡಿವಿಗೆ, ಅಂದರೆ ಕಾರು ಪೂರ್ತಿ ನಾಶವಾದರೆ ಅಥವಾ ಕಳುವಾದರೆ ಸಿಗುವ ಗರಿಷ್ಠ ಮೊತ್ತಕ್ಕೆ, ಸವಕಳಿಯ ಪಟ್ಟಿಯಿದೆ. ಆಮೇಲೆ ಕಂಪನಿ ಮತ್ತು ಗ್ರಾಹಕರು ಮಾತಾಡಿ ಒಪ್ಪಿಕೊಳ್ಳುವುದು. ಇಲ್ಲಿಯೇ ಚೌಕಾಸಿ. ಅತಿ ಅಗ್ಗವೆಂದು ಬಂದ ಒಂದು ದರಪತ್ರದಲ್ಲಿ ಐಡಿವಿ 2,40,000 ಎಂದಿತ್ತು, ಪೇಟೆಯಲ್ಲಿ ಕಾರಿಗೆ 3,30,000 ಸಿಗುವಾಗ. ಪ್ರೀಮಿಯಮ್ಮಿನಲ್ಲಿ ಎರಡು ಸಾವಿರ ಉಳಿಸಲು ತೊಂಬತ್ತು ಸಾವಿರವನ್ನು ಪಣಕ್ಕಿಡುವ ಅಗ್ಗ ಅದು. ಐದು ವರ್ಷ ದಾಟಿದ್ದಕ್ಕೆ ಜೀರೋ ಡೆಪ್ ಕೊಡಲು ಹಿಂದಿನ ಕಂಪನಿ ಒಪ್ಪಲಿಲ್ಲ, ಇನ್ನೊಂದು ಕಂಪನಿ ಒಪ್ಪಿತು. 3,25,000 ಐಡಿವಿ, ಜೀರೋ ಡೆಪ್, ಸಣ್ಣಪುಟ್ಟ ಸಾಮಗ್ರಿಗಳ ಸೇರ್ಪಡೆ, ರಸ್ತೆಬದಿ ನೆರವು, ಮಾಲೀಕ-ಚಾಲಕರಿಗೆ 15 ಲಕ್ಷದ ಅಪಘಾತ ವಿಮೆ, ಥರ್ಡ್ ಪಾರ್ಟಿ, ಜಿಎಸ್‌ಟಿ ಎಲ್ಲ ಸೇರಿ 14,000ಕ್ಕೆ ಸ್ವಲ್ಪ ಕಡಿಮೆ ಆಯಿತು. ಸಿಲ್ವರ್ ಮರದ ಉಳಿದ ಕೊಂಬೆಗಳನ್ನು ಕಡಿಸಿದ್ದೇವೆ, ಕಾರು ಈಗ ಕಣದ ಇನ್ನೊಂದು ತುದಿಯಲ್ಲಿ ನಿಲ್ಲುತ್ತದೆ, ಎಡಬಾಗಿಲಿನ ಗೀರು ಹಾಗೆಯೇ ಇದೆ.